ಮಳೆ ರಜೆಯಲ್ಲಿ ಫೆಲ್ಟ್ ಚೂರಿನ ಚಿತ್ರಗಳು

ನಮಸ್ಕಾರ, ಎಲ್ರೂ ಚೆನ್ನಾಗಿದ್ದೀರಾ? ನಮ್ಮ ಸೋಮವಾರಪೇಟೆ ಕಡೆ ಮಳೆ ಹಿಡ್ಕೊಂಡಿದೆ. ಶಾಲೆಗೆ ಮಳೆ ರಜೆ, ಕರೆಂಟ್ ಬಂದ್ರೆ ಬಂತು. ನನ್ನ ಮಗಳು, ಅಣ್ಣನ ಮಗ, ಅಣ್ಣನ ಮಗಳು, ಮೂರೂ ಜನ ಜಗಲಿ ಮೇಲೆ ಚಾಪೆ ಹಾಸ್ಕೊಂಡು ಕೂತಿದ್ದಾರೆ. ಇವತ್ತು ಫೆಲ್ಟ್ ಬಟ್ಟೆ ಚೂರುಗಳಿಂದ ಚಿತ್ರ ಮಾಡ್ತಿದ್ದೀವಿ.

ಸ್ಟೇಷನರಿ ಅಂಗಡಿಯಲ್ಲಿ ಬಣ್ಣಬಣ್ಣದ ದಪ್ಪ ಹಾಳೆ ಥರ ಸಿಗುತ್ತಲ್ಲ, ಅದೇ ಫೆಲ್ಟ್. ಇದರಲ್ಲಿ ಹಾಸು-ಹೊಕ್ಕು ಇಲ್ಲ, ನೇಯ್ದ ಬಟ್ಟೆಯೇ ಅಲ್ಲ. ಉಣ್ಣೆಗೆ ಬಿಸಿನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿದ್ರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತೆ, ಹಳೇ ಕಾಲದ ಫೆಲ್ಟ್ ಹಾಗೆ ಆಗೋದು. ಈಗ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಪಾಲಿಯೆಸ್ಟರ್. ಯಾವುದಾದ್ರೂ ಸರಿ, ಎಲ್ಲಿ ಕತ್ತರಿಸಿದ್ರೂ ಅಂಚಿನಿಂದ ದಾರ ಎದ್ದು ಬರಲ್ಲ. ಅದಕ್ಕೇ ಪುಟ್ಟ ಕೈಗಳಿಗೆ ಇದು ಅಷ್ಟು ಹೊಂದುತ್ತೆ.

ನಾನು ಮಕ್ಕಳಿಗೆ ಇಡೀ ಹಾಳೆ ಕೊಡಲ್ಲ, ಚೂರುಗಳನ್ನೇ ಕೊಡ್ತೀನಿ. ಹಾಳೆ ಕೊಟ್ರೆ "ಅತ್ತೆ, ಒಂದು ಮನೆ ಬರ್ದುಕೊಡಿ" ಅಂತ ಪೆನ್ಸಿಲ್ ಹಿಡ್ಕೊಂಡು ನನ್ನ ಹತ್ರ ಬರ್ತಾರೆ. ಆಮೇಲೆ ನಾನು ಬರೆದ ಗೆರೆ ಮೇಲೆ ಕತ್ತರಿ ಓಡಿಸೋದಷ್ಟೇ ಅವರ ಕೆಲಸ. ಚೂರು ಸಿಕ್ರೆ ಹಾಗಲ್ಲ, ಅದನ್ನ ತಿರುಗಿಸಿ ತಿರುಗಿಸಿ ನೋಡ್ತಾರೆ. ಇಲ್ಲಿ ನೋಡಿ, ಅಣ್ಣನ ಮಗನ ಕೈಲಿ ಉದ್ದಕ್ಕಿರೋ ಒಂದು ಬೂದು ಚೂರಿದೆ. ಅಡ್ಡ ಇಟ್ಟಾಗ ಹಾವು ಅಂದ. ನೆಟ್ಟಗೆ ನಿಲ್ಲಿಸಿದ್ದೇ ತಡ, "ಸಿಲ್ವರ್ ಮರ!" ಅಂತ ಕೂಗಿದ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸೋ ನೆಟ್ಟನೆ ಸಿಲ್ವರ್ ಓಕ್ ಅದು. ಈಗ ಹಸಿರು ಚೂರಲ್ಲಿ ಕಾಳುಮೆಣಸಿನ ಎಲೆ ಕತ್ತರಿಸಿ ಬುಡದಿಂದ ಮೇಲಕ್ಕೆ ಬಳ್ಳಿ ಹಬ್ಬಿಸ್ತಿದ್ದಾನೆ.

ಗೋಂದು ಮಾತ್ರ ಕೊನೆಗೆ. ರಟ್ಟಿಗೆ ಒಂದು ಫೆಲ್ಟ್ ಹಾಳೆ ಅಂಟಿಸಿ ಹಿನ್ನೆಲೆ ಮಾಡ್ಕೊಳ್ಳಿ. ಫೆಲ್ಟ್ ಮೇಲೆ ಫೆಲ್ಟ್ ಇಟ್ರೆ ಎಳೆಗಳು ಹಿಡ್ಕೊಳ್ಳುತ್ತೆ, ರಟ್ಟನ್ನ ಸ್ವಲ್ಪ ಓರೆ ಮಾಡಿದ್ರೂ ಚೂರು ಬೇಗ ಜಾರಲ್ಲ. ಬೆಟ್ಟ ಎಡಕ್ಕೆ ಬೇಕಾ, ಬಲಕ್ಕೆ ಬೇಕಾ, ಎಷ್ಟು ಸಲ ಬೇಕಾದ್ರೂ ಬದಲಾಯಿಸಲಿ. ನನ್ನ ಮಗಳು ಪುಷ್ಪಗಿರಿ ಅಂತ ಕಡುನೀಲಿ ಚೂರಿಟ್ಟು, ಅದರ ಮಧ್ಯಕ್ಕೆ ಬಿಳಿ ಪಟ್ಟಿ ಎಳೆದು ಮಂಜು ಕವಿಸಿದ್ಲು. ಈಗ ತುದಿ ಮಾತ್ರ ಕಾಣ್ತಿದೆ. ಇದನ್ನ ಯಾರೂ ಹೇಳಿಕೊಟ್ಟಿಲ್ಲ, ದಿನಾ ಅಂಗಳದಲ್ಲಿ ನಿಂತು ನೋಡಿರೋದು.

ಅಣ್ಣನ ಮಗಳದ್ದು ಕಾಫಿ ಗಿಡ. ಹೂಗಳನ್ನ ರೆಂಬೆ ತುದಿಗೆ ಇಡದೆ, ಎಲೆ ಜೋಡಿ ಹುಟ್ಟೋ ಗಿಣ್ಣಿಗೆ ಗೊಂಚಲು ಗೊಂಚಲಾಗಿ ಒತ್ತಿ ಇಟ್ಟಿದ್ದಾಳೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಆದ್ಮೇಲೆ ತೋಟದಲ್ಲಿ ಅರಳೋದು ಥೇಟ್ ಹೀಗೇ. ಪಕ್ಕದ ರೆಂಬೆಯಲ್ಲಿ ಕೆಂಪು ಹಣ್ಣು, ಅದೇ ಗೊಂಚಲಲ್ಲಿ ಒಂದೆರಡು ಹಸಿರು ಕಾಯಿ. ಹೂ ಬಿಟ್ಟ ಎಷ್ಟೋ ತಿಂಗಳ ಮೇಲೆ ಹಣ್ಣಾಗೋದು ಅಂತ ಅವಳಿಗೂ ಗೊತ್ತು, ಎರಡೂ ಒಟ್ಟಿಗೇ ಇರ್ಲಿ ಅಂದ್ಲು. ನಾನು ತಿದ್ದೋಕೆ ಹೋಗ್ಲಿಲ್ಲ.

ಕತ್ತರಿ ವಿಷಯ ಒಂದು ಹೇಳ್ಬೇಕು. ಕಾಗದಕ್ಕೆ ಅಂತ ಸಿಗೋ ಮೊಂಡು ಕತ್ತರಿ ಇದಕ್ಕೆ ಆಗಲ್ಲ, ಬಟ್ಟೆ ಮಡಚಿಕೊಂಡು ಅಲಗುಗಳ ನಡುವೆ ಸಿಕ್ಕಿಬಿಡುತ್ತೆ. ತುದಿ ದುಂಡಗಿದ್ದು ಅಲಗು ಹರಿತ ಇರೋದನ್ನ ಕೊಡಿ, ನೀವು ಪಕ್ಕದಲ್ಲೇ ಕೂತಿರಿ. ದುಂಡಗೆ ಕತ್ತರಿಸುವಾಗ ಕತ್ತರಿ ತಿರುಗಿಸೋದಲ್ಲ, ಬಟ್ಟೆ ತಿರುಗಿಸ್ಬೇಕು. ತೀರಾ ಚಿಕ್ಕ ಮಕ್ಕಳಿದ್ರೆ ಬಟನ್, ಮಣಿ ಇಡ್ಬೇಡಿ, ಬಾಯಿಗೆ ಹಾಕ್ಕೊಳ್ತಾರೆ.

ಎಲ್ಲರಿಗೂ ಒಪ್ಪಿಗೆ ಆದ್ಮೇಲೆ ಫೆವಿಕಾಲ್. ಟ್ಯೂಬಿಂದ ಸುರಿದ್ರೆ ಬಟ್ಟೆ ಹೀರ್ಕೊಂಡು ಮೇಲೆ ಕಲೆ ಬಂದು ಗಟ್ಟಿಯಾಗುತ್ತೆ. ತೆಂಗಿನ ಕಡ್ಡಿಯಲ್ಲಿ ಅಂಚಿಗಷ್ಟೇ ತೆಳ್ಳಗೆ ಸವರಿ. ನೀರಿನಂಶ ಆರಿದ್ರೆ ಮಾತ್ರ ಅದು ಹಿಡಿಯೋದು, ಈ ಥಂಡಿಯಲ್ಲಿ ಆರೋದು ನಿಧಾನ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಪುಸ್ತಕ ತೆಗೆದು ಒಲೆ ಇರೋ ಕೋಣೆಯಲ್ಲಿ, ಬೆಂಕಿಯಿಂದ ದೂರ, ರಾತ್ರಿಯಿಡೀ ಆರೋಕೆ ಬಿಡಿ.

ಮಳೆಗಾಲದಲ್ಲಿ ಇದನ್ನ ಗೋಡೆಗೆ ಒತ್ತಿ ನೇತುಹಾಕಿದ್ರೆ ಹಿಂದಿನ ರಟ್ಟಿಗೆ ಬೂಷ್ಟು ಬರುತ್ತೆ. ಸದ್ಯಕ್ಕೆ ಕಪಾಟಿನ ಮೇಲೆ ಇಟ್ಟು, ಬಿಸಿಲು ಬಿದ್ದ ದಿನ ಹೊರಗೆ ಹಾಕ್ತೀನಿ. ಉಗುರಿನಷ್ಟು ಚೂರುಗಳೂ ಡಬ್ಬಿಗೆ ವಾಪಸ್. ನಾಳೆ ಮೂರೂ ಜನ ಸೇರಿ ಕೆಂದಳಿಲು, ಅಂದ್ರೆ ಕಾಡಿನ ದೊಡ್ಡ ಅಳಿಲು, ಮಾಡ್ತಾರಂತೆ, ಬಾಲಕ್ಕೆ ಉದ್ದದ ಚೂರು ಈಗ್ಲೇ ಎತ್ತಿಟ್ಟಾಯ್ತು.