ಜಾಣ ಮಗುವನ್ನು ಗುರುತಿಸುವವರು ಯಾರು?

ಸ್ನೇಹಿತರೇ, ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳು ಯಾಕೆ ಹಿಂದೆ ಬೀಳುತ್ತಾರೆ ಅಂತ ಕೇಳಿದರೆ ಬಡತನ, ಮನೆ, ವಠಾರ ಎಂಬ ಉತ್ತರ ಬರುತ್ತದೆ. ಅದೂ ನಿಜವೇ. ನಾನು ಇವತ್ತು ಇನ್ನೊಂದು ಕಡೆಯಿಂದ ನೋಡೋಣ ಅಂತಿದ್ದೇನೆ. ತರಗತಿಯಲ್ಲಿ ಆ ಮಗುವನ್ನು ನೋಡುತ್ತಿರುವ ದೊಡ್ಡವರು ಯಾರು?

1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು ಬಂತು. ಬಣ್ಣ ನೋಡಿ ಶಾಲೆ ಬೇರೆ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಅದರ ಬೆನ್ನಿಗೆ ಏನಾಯಿತು ಅನ್ನುವುದನ್ನು ಜನ ಅಷ್ಟಾಗಿ ಮಾತಾಡುವುದಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಎಷ್ಟೋ ಕಪ್ಪು ಶಾಲೆಗಳನ್ನು ಮುಚ್ಚಿ, ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿದರು. ಅವರ ಮೇಷ್ಟ್ರುಗಳಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ. 1965ರೊಳಗೆ ಸುಮಾರು 38,000 ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು ಎಂಬ ಲೆಕ್ಕವಿದೆ.

ಆ ನಷ್ಟ ಎಷ್ಟು ದೊಡ್ಡದು? ಟೆನೆಸ್ಸಿಯಲ್ಲಿ 1985ರಲ್ಲಿ ಕಡಿಮೆ ಮಕ್ಕಳಿರುವ ತರಗತಿಗಳ ಲಾಭ ಅಳೆಯಲು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಶಿಕ್ಷಕರಿಗೆ ಹಂಚಿದ್ದರು. ಎಷ್ಟೋ ವರ್ಷಗಳ ಮೇಲೆ ಸಂಶೋಧಕರು ಅದೇ ದಾಖಲೆಗಳನ್ನು ತೆರೆದು ನೋಡಿದರು. ಮೂರನೇ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರು ಸಿಕ್ಕಿದ್ದ ಕಪ್ಪು ಮಕ್ಕಳು ಹೈಸ್ಕೂಲು ಮುಗಿಸುವ ಸಾಧ್ಯತೆ ಶೇ 13, ಕಾಲೇಜು ಸೇರುವ ಸಾಧ್ಯತೆ ಶೇ 19 ಜಾಸ್ತಿ ಇತ್ತು. ಬರೀ ಒಬ್ಬರು!

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಫ್ಲಾರಿಡಾದ ಬ್ರೌವರ್ಡ್ ಕೌಂಟಿಯ ಕಥೆ. ಅಲ್ಲಿ ಜಾಣ ಮಕ್ಕಳಿಗೆ 'ಗಿಫ್ಟೆಡ್' ತರಗತಿ ಇದೆ. ಮೊದಲು ಅದಕ್ಕೆ ಮಗುವಿನ ಹೆಸರನ್ನು ಶಿಕ್ಷಕರು ಅಥವಾ ಅಪ್ಪ ಅಮ್ಮ ಸೂಚಿಸಬೇಕಿತ್ತು. ದುಡ್ಡಿದ್ದವರು ಖಾಸಗಿ ಮನಶ್ಶಾಸ್ತ್ರಜ್ಞರ ಹತ್ತಿರ ಪರೀಕ್ಷೆ ಮಾಡಿಸುತ್ತಿದ್ದರು. ಹೀಗಾದರೆ ಯಾರ ಮಕ್ಕಳು ಒಳಗೆ ಹೋಗುತ್ತಾರೆ, ಹೇಳಬೇಕಾ? 2005ರಲ್ಲಿ ಜಿಲ್ಲೆ ಒಂದು ಸಾದಾ ಕೆಲಸ ಮಾಡಿತು. ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ. ಚಿತ್ರ, ಆಕಾರಗಳದ್ದು, ಭಾಷೆಯ ಹಂಗಿಲ್ಲ. ಚೆನ್ನಾಗಿ ಮಾಡಿದವರಿಗೆ ಮುಂದಿನ ಐಕ್ಯೂ ಪರೀಕ್ಷೆ. ಅರ್ಹತೆಯ ಗೆರೆಯನ್ನು ಒಂದಿಷ್ಟೂ ತಗ್ಗಿಸಲಿಲ್ಲ. ಆದರೂ ಆಯ್ಕೆಯಾದ ಕಪ್ಪು ಮಕ್ಕಳ ಪ್ರಮಾಣ ಶೇ 80ರಷ್ಟು ಏರಿತು. ಅಂದರೆ ಆ ಮಕ್ಕಳು ಮೊದಲಿಂದಲೂ ಅಲ್ಲೇ ಕೂತಿದ್ದರು, ಅಲ್ವಾ?

ಇದನ್ನು ಲೆಕ್ಕ ಹಾಕಿದವರು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ಈ ಇಬ್ಬರು ಇನ್ನೊಂದನ್ನೂ ಕಂಡರು. ಶಾಲೆಯ ಒಂದು ತರಗತಿಯಲ್ಲಿ ಒಬ್ಬನೇ ಗಿಫ್ಟೆಡ್ ಹುಡುಗನಿದ್ದರೂ ಪ್ರತ್ಯೇಕ ವಿಭಾಗ ತೆರೆಯಬೇಕಿತ್ತು. ಉಳಿದ ಸೀಟುಗಳನ್ನು ಹಿಂದಿನ ವರ್ಷ ಒಳ್ಳೆಯ ಅಂಕ ತೆಗೆದವರಿಗೆ ಕೊಡುತ್ತಿದ್ದರು. ಹಾಗೆ ಒಳಗೆ ಬಂದವರಲ್ಲಿ ಓದು, ಗಣಿತ ಎರಡರಲ್ಲೂ ತುಂಬಾ ಮುಂದೆ ಹೋದವರು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು. ಹೊರಗೆ ಉಳಿದವರ ಅಂಕಕ್ಕೆ ಪೆಟ್ಟು ಬೀಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ಪರೀಕ್ಷೆಯನ್ನು ಮುಂದುವರಿಸಿರಬೇಕು ಅಂದುಕೊಳ್ಳುತ್ತೀರಿ. ಆರ್ಥಿಕ ಹಿಂಜರಿತ ಬಂತು. ಬಜೆಟ್ಟಿಗೆ ಕತ್ತರಿ ಬಿತ್ತು. ಎಲ್ಲರಿಗೂ ಪರೀಕ್ಷೆ ಮಾಡುವುದನ್ನು ನಿಲ್ಲಿಸಿದರು. ಕಪ್ಪು ಮಕ್ಕಳ ಪ್ರಮಾಣ ಮತ್ತೆ ಹಳೆಯ ಮಟ್ಟಕ್ಕೇ ಇಳಿಯಿತು.