ಸಣ್ಣ ಕೆಲಸ ಹೊಸಬರಿಗಿರಲಿ

ಕೇಳುಗರಿಗೆ ನಮಸ್ಕಾರ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಕೋಡ್ ಬರೆಯಲು ಕಲಿತು, ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳ ಕಡೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಹೆಚ್ಚಾಗಿ ಇದನ್ನೇ: "ಸರ್, ನಾ ಏನರ ತಪ್ಪು ಮಾಡಿದ್ರ ಎಲ್ಲಾರದೂ ಕೆಟ್ಟು ಹೋಗ್ತದೇನ್ರಿ?"

ಇಲ್ಲ, ಹೋಗುವುದಿಲ್ಲ. ನೀವು ತಿದ್ದುವುದು ನಿಮ್ಮದೇ ಪ್ರತಿಯನ್ನು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಎಂಬ ಸಾಧನ ಹಿಂದಿನ ಒಂದೊಂದು ಹಂತವನ್ನೂ ಕಾದಿಟ್ಟುಕೊಂಡಿರುತ್ತದೆ. ನಿಮ್ಮ ತಿದ್ದುಪಡಿಯನ್ನು ಮೇಂಟೇನರ್, ಅಂದರೆ ಆ ಯೋಜನೆಯನ್ನು ನೋಡಿಕೊಳ್ಳುವವರು, ಓದಿ ಒಪ್ಪಿದ ಮೇಲಷ್ಟೇ ಅದು ಮೂಲಕ್ಕೆ ಸೇರುತ್ತದೆ. ಇಷ್ಟನ್ನು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಅಂಜಿಕೆ ಇಳಿಯುತ್ತದೆ.

ಇವತ್ತು ನಾನು ಹೆಚ್ಚಾಗಿ ಮಾತಾಡಬೇಕೆಂದಿರುವುದು ಹಳಬರ ಜೊತೆ. ಐದು ನಿಮಿಷದ ಸಣ್ಣ ಬಗ್, ಅಂದರೆ ಕೋಡಿನ ದೋಷ, ಕಣ್ಣಿಗೆ ಬಿದ್ದರೆ ನಮ್ಮ ಕೈ ತಡೆಯುವುದಿಲ್ಲ, ತಿದ್ದಿಬಿಡುತ್ತೇವೆ. ದಯವಿಟ್ಟು ತಿದ್ದಬೇಡಿ. ಬಳಸುವವರಿಗೆ ತೊಂದರೆಯಿಲ್ಲದಿದ್ದರೆ ಅದನ್ನು ಹೊಸಬರಿಗೆ ಬಿಡಿ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದವರು ಇಂಥವನ್ನು 'ಈಸಿ ಹ್ಯಾಕ್ಸ್' ಎಂದು ಬೇರೆಯೇ ತೆಗೆದಿಡುತ್ತಾರೆ. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ 'ಗುಡ್ ಫಸ್ಟ್ ಇಶ್ಯೂ' ಎಂಬ ಚೀಟಿ ಅಂಟಿಸುತ್ತಾರೆ. ಬರೀ ಚೀಟಿ ಸಾಲದು. ಯಾವ ಫೈಲು, ತಪ್ಪು ಎಲ್ಲಿ ಕಾಣುತ್ತದೆ, ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಬೇಕು, ಈ ಮೂರನ್ನೂ ಬರೆದಿಡಿ.

ನಾನು ಕೈಜೋಡಿಸುವ ಒಂದು ಯೋಜನೆಯಲ್ಲಿ ನದಿಗಳ ನೀರಿನ ಮಟ್ಟ ತೋರಿಸುವ ಚಿತ್ರವಿದೆ. ಜಾಗ ಕಡಿಮೆ ಎಂದು ಹೆಸರಿನ ಮೊದಲ ನಾಲ್ಕು ಅಕ್ಷರವಷ್ಟೇ ತೋರಿಸುವಂತೆ ಬರೆದಿದ್ದರು. ಇಂಗ್ಲಿಷಿನಲ್ಲಿ ಚೆಂದವಾಗಿಯೇ ಕಾಣುತ್ತಿತ್ತು. ಕನ್ನಡಕ್ಕೆ ಬದಲಿಸಿ ನೋಡಿದವಳು ಬಾಗಲಕೋಟೆಯ ಒಬ್ಬ ವಿದ್ಯಾರ್ಥಿನಿ. ಕೃಷ್ಣಾ ಹೋಗಿ 'ಕೃಷ್' ಆಗಿತ್ತು, ಘಟಪ್ರಭಾ 'ಘಟಪ್', ಮಲಪ್ರಭಾ 'ಮಲಪ್'. ಭೀಮಾ ಮಾತ್ರ ಪಾರಾಗಿದ್ದಳು.

ಕಾರಣ ಇಷ್ಟೇ. ನಮ್ಮ ಕಣ್ಣಿಗೆ ಕೃಷ್ಣಾ ಎರಡಕ್ಷರ. ಕಂಪ್ಯೂಟರ್ ಲಿಪಿಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಲೆಕ್ಕದಲ್ಲಿ ಆರು: ಕ, ವಟ್ರಸುಳಿ, ಷ, ಹಲಂತ, ಣ, ದೀರ್ಘದ ಗುರುತು. ನಾಲ್ಕಕ್ಕೆ ಕತ್ತರಿಸಿದರೆ ಒತ್ತು ಉದುರಿಹೋಗುತ್ತದೆ.

ಆಕೆ ನಾಲ್ಕನ್ನು ಆರು ಮಾಡಿ ಕಳಿಸಿದಳು. 'ತಪ್ಪು' ಎಂದು ಒಂದೇ ಮಾತಿನಲ್ಲಿ ಮರಳಿಸಬಹುದಿತ್ತು. ಹಾಗೆ ಮರಳಿಸಿದರೆ ಹೊಸಬರು ಮತ್ತೆ ಬರುವುದು ಕಷ್ಟ. "ಕೃಷ್ಣಾ ಸರಿ ಆತು ತಂಗಿ. ಘಟಪ್ರಭಾ ಏನಾತು ನೋಡು" ಎಂದು ಬರೆದೆ. ನೋಡಿದಳು, ಅದಕ್ಕೆ ಏಳು ಬೇಕು, ಆರಕ್ಕೆ ಕತ್ತರಿಸಿದಾಗ ಕೊನೆಯ ದೀರ್ಘ ಬಿದ್ದು 'ಘಟಪ್ರಭ' ಆಗಿತ್ತು. ಸಂಖ್ಯೆ ಏರಿಸಿ ಪ್ರಯೋಜನವಿಲ್ಲ ಎಂದು ತಾನೇ ಕಂಡುಕೊಂಡಳು. ಹಲಂತ ಬಂದರೆ ಮುಂದಿನ ವ್ಯಂಜನವನ್ನೂ ಸ್ವರದ ಗುರುತನ್ನೂ ಕೂಡಿಸಿಕೊಂಡೇ ಎಣಿಸುವಂತೆ ಬರೆದು, ನಾಲ್ಕೂ ನದಿಗಳ ಹೆಸರನ್ನು ಪರೀಕ್ಷೆಗೆ ಇಟ್ಟಳು. ಆ ಪರೀಕ್ಷೆ ಈಗ ಪ್ರತಿ ಬದಲಾವಣೆಗೂ ಓಡುತ್ತದೆ. ಕನ್ನಡ ಓದಲು ಬಾರದ ಮೇಂಟೇನರ್‌ಗೆ ಈ ದೋಷ ಎಂದೂ ಕಾಣುತ್ತಿರಲಿಲ್ಲ. ನಮ್ಮ ಮಕ್ಕಳು ಓಪನ್ ಸೋರ್ಸಿಗೆ ಬರಬೇಕು ಎಂದು ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಉತ್ತರ ತಡವಾಗಬಾರದು. ಓದಲು ಪುರುಸೊತ್ತಿಲ್ಲದಿದ್ದರೆ "ಬಂದದ, ಐತಾರ ಓದ್ತೀನಿ" ಎಂದಾದರೂ ಬರೆಯಿರಿ. ಇಂಗ್ಲಿಷಿನಲ್ಲಿ ಬರೆಯಲು ತಡವರಿಸಿದರೆ ಮೊದಲು ಕನ್ನಡದಲ್ಲೇ ವಿವರಿಸಲಿ, ಆಮೇಲೆ ಕೂತು ಇಬ್ಬರೂ ಇಂಗ್ಲಿಷಿಗೆ ತಂದರಾಯಿತು. ದೋಷ ತೋರಿಸಿಕೊಟ್ಟವರ ಹೆಸರೂ ದಾಖಲಾಗಲಿ. ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ 'ರಿಪೋರ್ಟೆಡ್ ಬೈ' (ತಿಳಿಸಿದವರು) ಎಂಬ ಸಾಲು ಇರುವುದು ಅದಕ್ಕಾಗಿಯೇ.

ಇನ್ನು ಮೂಲಕ್ಕೆ ಸೇರಿಸುವ ಅಧಿಕಾರದ ಮಾತು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ದಣಿದು ನಡೆಸುತ್ತಿದ್ದರು. ನೆರವಿಗೆಂದು ಬಂದು ವರ್ಷಗಟ್ಟಲೆ ನಂಬಿಕೆ ಗಳಿಸಿದ್ದ ಒಬ್ಬ, ಅದರಲ್ಲಿ ಕಳ್ಳದಾರಿ ಇಟ್ಟಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಹಾಗೆಂದು ಬಾಗಿಲು ಮುಚ್ಚಿಕೊಂಡರೆ ಮೇಂಟೇನರ್ ಇನ್ನಷ್ಟು ಒಂಟಿಯಾಗುತ್ತಾನೆ. ನಾವು ಹಂತಹಂತವಾಗಿ ಬಿಟ್ಟುಕೊಡುತ್ತಿದ್ದೇವೆ. ಬಾಗಲಕೋಟೆಯ ಆ ಹುಡುಗಿ ಈಗ ಹೊಸಬರ ತಿದ್ದುಪಡಿಗಳನ್ನು ಮೊದಲು ಓದಿ ಅಭಿಪ್ರಾಯ ಬರೆಯುತ್ತಾಳೆ. ಮೂಲಕ್ಕೆ ಸೇರಿಸುವಾಗ ಮಾತ್ರ ಇಬ್ಬರ ಒಪ್ಪಿಗೆ ಬೇಕು, ಅದು ನನ್ನ ಕೋಡ್ ಆಗಿದ್ದರೂ ಸರಿ.

ನಮಸ್ಕಾರ.