ಯಾವ ಮೂಳೆ ಡಾಕ್ಟರು?

ಕೇಳುಗರಿಗೆ ನಮಸ್ಕಾರ. ಕೈ ಮುರಿದರೂ, ಮೊಣಕಾಲು ಊದಿದರೂ, ಬೆರಳು ಮಡಚಲು ಆಗದಿದ್ದರೂ ನಮ್ಮ ಬಾಯಿಗೆ ಬರುವ ಮಾತು ಒಂದೇ: ಮೂಳೆ ಡಾಕ್ಟರಿಗೆ ತೋರಿಸಬೇಕು. ಆಡುಮಾತಿಗೆ ಅಷ್ಟು ಸಾಕು. ಆದರೆ ಆ ಒಂದು ಹೆಸರಿನ ಹಿಂದೆ ಇಬ್ಬರು ಬೇರೆ ಬೇರೆ ತಜ್ಞರಿದ್ದಾರೆ. ಒಬ್ಬರು ಶಸ್ತ್ರಚಿಕಿತ್ಸಕರು, ಇನ್ನೊಬ್ಬರು ಔಷಧಿ ಕೊಡುವ ವೈದ್ಯರು. ಈ ವ್ಯತ್ಯಾಸ ತಿಳಿಯದೆ ತಿಂಗಳುಗಟ್ಟಲೆ ಕಳೆದರೆ ಕೀಲು ಒಳಗೊಳಗೇ ಸವೆದುಹೋಗಬಹುದು.

ಮೊದಲನೆಯವರು ಆರ್ಥೋಪೆಡಿಕ್ ಸರ್ಜನ್. ಕನ್ನಡದಲ್ಲಿ ಕೀಲು ಮತ್ತು ಮೂಳೆ ತಜ್ಞರು, ಎಲುಬು ತಜ್ಞರು ಎನ್ನುತ್ತೇವೆ. ಚುಟುಕಾಗಿ ‘ಆರ್ಥೋ’. ಆರ್ಥೋಪೆಡಿಕ್ ಎಂಬ ಪದ ಬಳಕೆಗೆ ಬಂದದ್ದು 1741ರಲ್ಲಿ, ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಬರೆದ ಪುಸ್ತಕದಿಂದ. ಗ್ರೀಕಿನ ‘ಆರ್ಥೋಸ್’ ಎಂದರೆ ನೆಟ್ಟಗಿರುವುದು, ‘ಪೈಸ್’ ಎಂದರೆ ಮಗು. ಮಕ್ಕಳ ಸೊಟ್ಟ ಅಂಗಗಳನ್ನು ನೇರ ಮಾಡುವ ವಿದ್ಯೆ ಎಂಬುದು ಅವರ ಅರ್ಥ. ಸೊಟ್ಟಗೆ ಬೆಳೆದ ಮರವನ್ನು ಗೂಟಕ್ಕೆ ಬಿಗಿದು ಕಟ್ಟಿದ ಆ ಪುಸ್ತಕದ ಚಿತ್ರ ಇಂದಿಗೂ ಈ ವಿಭಾಗದ ಗುರುತು.

ಗಮನಿಸಿ, ಆ ಹೆಸರಿನಲ್ಲಿ ಮೂಳೆಯೇ ಇಲ್ಲ. ಹಾಗಾಗಿಯೇ ‘ಆರ್ಥೋ’ ಎಂದು ಶುರುವಾಗುವ ಎಲ್ಲರೂ ಮೂಳೆ ನೋಡುವವರಲ್ಲ. ಆರ್ಥೊಡಾಂಟಿಸ್ಟ್ ಹಲ್ಲಿನ ಸಾಲು ಸರಿಪಡಿಸುವವರು. ಆರ್ಥೋಟಿಸ್ಟ್ ಕೈಕಾಲಿಗೆ, ಬೆನ್ನಿಗೆ ಆಧಾರ ಕೊಡುವ ಸಾಧನಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡುವವರು.

ಮೂಳೆ ಮುರಿತ, ಕೀಲು ಜಾರಿದ್ದು, ಮೂಳೆಗಳನ್ನು ಬೆಸೆಯುವ ಅಸ್ಥಿರಜ್ಜು ಹರಿದದ್ದು, ಸವೆದ ಮಂಡಿ, ಸೊಂಟದ ಕೀಲು, ಇವೆಲ್ಲ ಆರ್ಥೋಪೆಡಿಕ್ ಸರ್ಜನ್ನರ ಪಾಲು. ಸರ್ಜನ್ ಎಂಬ ಪದ ಕೇಳಿ ಹೆದರಬೇಕಾಗಿಲ್ಲ. ಪ್ಲಾಸ್ಟರ್, ವ್ಯಾಯಾಮ, ಕೀಲಿಗೆ ಇಂಜೆಕ್ಷನ್, ಇವೂ ಅವರ ಕೆಲಸವೇ. ಇವರಲ್ಲೂ ಬೆನ್ನುಮೂಳೆ, ಕೈ, ಕೀಲು ಬದಲಾವಣೆ ಎಂದು ಒಳವಿಭಾಗಗಳಿವೆ. ಮಗುವಿನ ಮುರಿತವಾದರೆ ಮಕ್ಕಳ ಮೂಳೆ ತಜ್ಞರು ಸಿಗುತ್ತಾರೆಯೇ ಎಂದು ಕೇಳುವುದು ಒಳ್ಳೆಯದು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರವಿರುತ್ತದೆ. ಅದಕ್ಕೆ ಪೆಟ್ಟಾದರೆ ಕೈಯೋ ಕಾಲೋ ಗಿಡ್ಡವಾಗಿ ಅಥವಾ ಸೊಟ್ಟಗೆ ಬೆಳೆಯಬಹುದು.

ಎರಡನೆಯವರು ರುಮಟಾಲಜಿಸ್ಟ್, ಸಂಧಿವಾತ ತಜ್ಞರು. ಇವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಕೀಲಿನ ಒಳಪೊರೆಯ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ, ಅದೇ ರೀತಿ ಚರ್ಮ, ಮೂತ್ರಪಿಂಡಗಳಿಗೂ ತಟ್ಟುವ ಲೂಪಸ್, ಬೆನ್ನು ಬಿಗಿಯುವ ಸ್ಪಾಂಡಿಲೈಟಿಸ್‌ನ ಕೆಲವು ಬಗೆಗಳು, ಯೂರಿಕ್ ಆಮ್ಲದ ಗೌಟ್, ಇವು ಇವರ ಕ್ಷೇತ್ರ.

ಕೀಲಿನ ಸವೆತ, ರುಮಟಾಯ್ಡ್ ಎರಡನ್ನೂ ಮನೆಯಲ್ಲೇ ಸ್ವಲ್ಪಮಟ್ಟಿಗೆ ಬೇರ್ಪಡಿಸಬಹುದು. ಸವೆತದ ನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ರುಮಟಾಯ್ಡ್‌ನಲ್ಲಿ ಇದು ತಿರುವುಮುರುವು. ಎದ್ದಾಗ ಬಿಗಿತ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಇರುತ್ತದೆ, ಕೈ ಆಡಿಸಿದಷ್ಟೂ ಹಗುರ. ಎರಡೂ ಕೈಗಳ ಬೆರಳ ಗೆಣ್ಣು, ಮಣಿಕಟ್ಟು ಮೆತ್ತಗೆ ಊದಿ ಬಿಸಿಯಾಗುತ್ತವೆ, ಜೊತೆಗೆ ಸುಸ್ತು. ಇಂಥ ಊತ ಕೆಲವು ವಾರ ಉಳಿದರೆ ಸಂಧಿವಾತ ತಜ್ಞರನ್ನೇ ಹುಡುಕಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಆರಂಭದಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು, ಅದನ್ನು ನೋಡಿ ಏನೂ ಇಲ್ಲ ಎಂದು ಸುಮ್ಮನಾಗುತ್ತಾರೆ. ಇಲ್ಲವೇ ನೋವಿನ ಮಾತ್ರೆಯಲ್ಲೇ ದಿನ ತಳ್ಳುತ್ತಾರೆ. ಮಾತ್ರೆ ನೋವನ್ನು ಅಡಗಿಸುತ್ತದೆಯೇ ಹೊರತು ಉರಿಯೂತ ಮೂಳೆಯನ್ನು ತಿನ್ನುವುದನ್ನು ತಡೆಯುವುದಿಲ್ಲ. ಅದನ್ನು ತಡೆಯುವ ಔಷಧಿಗಳೇ ಬೇರೆ. ಅವುಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟ್ ಅನ್ನು ಸಂಧಿವಾತಕ್ಕೆ ಕೊಡುವುದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಇವರಿಬ್ಬರ ನಡುವೆ ಕೈತಪ್ಪಿ ಹೋಗುವ ಕಾಯಿಲೆಯೊಂದಿದೆ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಸರ್ಜನ್ ಅದನ್ನು ಜೋಡಿಸುತ್ತಾರೆ. ಮುರಿಯಲು ಕಾರಣವಾದ ದೌರ್ಬಲ್ಯ ಹಾಗೇ ಉಳಿದಿರುತ್ತದೆ. ಮನೆಗೆ ಹೊರಡುವ ಮೊದಲು ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ, ಮೂಳೆ ಬಲಪಡಿಸುವ ಔಷಧಿಯ ಬಗ್ಗೆ ಕೇಳಿ. ಆ ಪರೀಕ್ಷೆಯಲ್ಲಿ ಬರುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಸಂಧಿವಾತ ತಜ್ಞರೋ ಹಾರ್ಮೋನು ತಜ್ಞರೋ ಅದನ್ನು ನೋಡಿಕೊಳ್ಳುತ್ತಾರೆ.

ವೈದ್ಯರ ಭೇಟಿಗೆ ಸಮಯ ಕೇಳುವಾಗ ಬರೀ ‘ಮೂಳೆ ಡಾಕ್ಟರು ಬೇಕು’ ಎನ್ನಬೇಡಿ. ಯಾವ ಕೀಲು, ಎಷ್ಟು ದಿನದಿಂದ, ಪೆಟ್ಟು ಬಿದ್ದಿತ್ತೇ, ಬೆಳಗಿನ ಬಿಗಿತ ಎಷ್ಟು ಹೊತ್ತು, ಈ ನಾಲ್ಕನ್ನು ಹೇಳಿ.

ತಜ್ಞರನ್ನು ಹುಡುಕುತ್ತಾ ಕೂರಬಾರದ ಸಂದರ್ಭಗಳೂ ಇವೆ. ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ ಊದಿ, ಅಲ್ಲಾಡಿಸಲೂ ಆಗದಿದ್ದರೆ ಒಳಗೆ ಕೀವಿರಬಹುದು. ಕೆಲವೇ ದಿನಗಳಲ್ಲಿ ಮೃದ್ವಸ್ಥಿ ನಾಶವಾಗುತ್ತದೆ. ಪ್ಲಾಸ್ಟರ್ ಹಾಕಿದ ಮೇಲೆ ನೋವು ಏರುತ್ತಲೇ ಹೋಗಿ, ಬೆರಳು ಜೋಮು ಹಿಡಿದು, ಬೆರಳನ್ನು ಹಿಡಿದು ನೇರ ಮಾಡಿದರೆ ಚೀರುವಂತಾದರೆ ಸ್ನಾಯುಗಳಿಗೆ ರಕ್ತ ಹೋಗದಿರಬಹುದು. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿ, ತೊಡೆಗಳ ಸಂದು ಮರಗಟ್ಟಿದರೆ ನರಗಳು ಒತ್ತಿಹೋಗುತ್ತಿರಬಹುದು. ಈ ಮೂರರಲ್ಲಿ ಯಾವುದಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.